ಅಂಗಡಿ ಕಳವಿನ ಜಾಲ ಮತ್ತು ಅದರ ತಡೆ

ಮತ್ತೆ ಮಾರುವುದಕ್ಕೆಂದೇ ಹಲವರು ಕೂಡಿ, ಹಂಚಿಕೆ ಹಾಕಿ, ಅಂಗಡಿಯಿಂದ ಅಂಗಡಿಗೆ ಸಾಗುತ್ತಾ ನಡೆಸುವ ಕಳವನ್ನು ಸಂಘಟಿತ ಅಂಗಡಿ ಕಳವು ಎನ್ನುತ್ತಾರೆ. ಹಸಿವಿಗೋ ಚಪಲಕ್ಕೋ ಒಂದು ಪೊಟ್ಟಣ ಜೇಬಿಗಿಳಿಸುವವರ ಕಥೆ ಬೇರೆ. ಇಲ್ಲಿ ಕೆಲಸ ಹಂಚಿಹೋಗಿರುತ್ತದೆ. ಕೆಲವರು ಸರಕು ಎಗರಿಸುತ್ತಾರೆ. ಕೆಲವರು ಅದನ್ನು ಸಾಗಿಸಿ, ಬೆಲೆಚೀಟಿ ಕಿತ್ತು, ಹೊಸದರಂತೆ ಕಟ್ಟುತ್ತಾರೆ. ಇವರೆಲ್ಲರ ಹಿಂದೆ ಕದ್ದ ಮಾಲು ಕೊಂಡು ಮಾರುವ ಒಬ್ಬ ವ್ಯಾಪಾರಿ ಇರುತ್ತಾನೆ. ಲಾಭದ ಬಹುಪಾಲು ಹೋಗುವುದು ಅವನಿಗೆ. ಅಂಗಡಿಯೊಳಗೆ ಕಾಲಿಡದ ಕಾರಣ ಕ್ಯಾಮೆರಾದಲ್ಲಿ ಅವನ ಮುಖ ಮಾತ್ರ ಕಾಣುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2023ರ ಡಿಸೆಂಬರ್‌ನಲ್ಲಿ ಬಯಲಾದ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಸ್ಯಾನ್ ಡಿಯಾಗೊ ಬಳಿಯ ಒಂದು ಬಂಗಲೆಯ ಗ್ಯಾರೇಜಿನಲ್ಲಿ ಸೌಂದರ್ಯವರ್ಧಕಗಳನ್ನು ಅಂಗಡಿಯ ಕಪಾಟುಗಳಲ್ಲಿದ್ದಂತೆಯೇ ಜೋಡಿಸಿಡಲಾಗಿತ್ತು. ಮನೆಯೊಡತಿ ಯುವತಿಯರನ್ನು ನೇಮಿಸಿಕೊಂಡು, ಪ್ರಯಾಣದ ಖರ್ಚು ಕೊಟ್ಟು ಹಲವು ರಾಜ್ಯಗಳಿಗೆ ಕಳಿಸುತ್ತಿದ್ದಳು. ಅವರು ಅಲ್ಟಾ ಮುಂತಾದ ಮಳಿಗೆಗಳಿಂದ ಕದ್ದು ತಂದದ್ದು ಅವಳ ಅಮೆಜಾನ್ ಖಾತೆಯ ಮೂಲಕ ಅಗ್ಗಕ್ಕೆ ಮಾರಾಟವಾಗುತ್ತಿತ್ತು. 2012ರಿಂದ ಆ ಖಾತೆಯಲ್ಲಿ ನಡೆದ ಮಾರಾಟ ಸುಮಾರು 80 ಲಕ್ಷ ಡಾಲರ್. ಕೊಂಡವರಲ್ಲಿ ಹೆಚ್ಚಿನವರು ತಮಗೆ ಸಿಕ್ಕಿದ್ದು ರಿಯಾಯಿತಿ ಎಂದೇ ತಿಳಿದಿದ್ದಿರಬೇಕು. ಮುಂದೆ ಅವಳಿಗೆ ಐದು ವರ್ಷಕ್ಕೂ ಹೆಚ್ಚಿನ ಸೆರೆವಾಸವಾಯಿತು.

ಕಳ್ಳರು ಯಾವುದನ್ನು ಆರಿಸುತ್ತಾರೆ ಎಂಬುದರ ಮೇಲೆ ಅಪರಾಧಶಾಸ್ತ್ರಜ್ಞ ರೊನಾಲ್ಡ್ ಕ್ಲಾರ್ಕ್ 1999ರಲ್ಲಿ ಮಹತ್ವದ ಅಧ್ಯಯನ ಪ್ರಕಟಿಸಿದರು. ಬಚ್ಚಿಡಲು ಬರಬೇಕು, ಎತ್ತಿಕೊಂಡು ಹೋಗಲು ಹಗುರವಿರಬೇಕು, ಸುಲಭವಾಗಿ ಕೈಗೆ ಸಿಗಬೇಕು, ಬೆಲೆ ಬಾಳಬೇಕು, ಜನ ಬಯಸುವಂಥದ್ದಾಗಿರಬೇಕು, ಕೊನೆಗೆ ಬೇಗ ಬಿಕರಿಯಾಗಬೇಕು. ಈ ಆರು ಗುಣಗಳಲ್ಲಿ ಕೊನೆಯದೇ ನಿರ್ಣಾಯಕ ಎಂಬುದು ಕ್ಲಾರ್ಕ್ ಅವರ ಅಂದಾಜು. ಸಂಘಟಿತ ಕಳವಿನ ಮಟ್ಟಿಗೆ ಅದು ಅಕ್ಷರಶಃ ನಿಜ. ಸುಮಾರು 2012ರಲ್ಲಿ ಅಮೆರಿಕದ ಪೊಲೀಸರು ಟೈಡ್ ಬಟ್ಟೆ ಸೋಪಿನ ಕಳವಿಗೆ ತಲೆ ಕೆಡಿಸಿಕೊಳ್ಳಬೇಕಾಗಿ ಬಂದದ್ದೂ ಇದೇ ಕಾರಣಕ್ಕೆ. ಹೊರಲು ಭಾರ, ಬಚ್ಚಿಡಲು ಕಷ್ಟ, ಆದರೆ ಯಾವ ಬೀದಿಯಲ್ಲಾದರೂ ಕೊಳ್ಳುವವರಿದ್ದಾರೆ.

ಅಂಗಡಿಯ ಬಾಗಿಲಲ್ಲಿ ನಿಂತ ಜೋಡಿ ಕಂಬಗಳು ಹಳೆಯ ಕಾವಲು. ಅವುಗಳಲ್ಲಿ ಒಂದು ಬಗೆ 58 ಕಿಲೋಹರ್ಟ್ಸ್ ಆವರ್ತನದಲ್ಲಿ ಕಾಂತೀಯ ಮಿಡಿತಗಳನ್ನು ಬಿಟ್ಟುಬಿಟ್ಟು ಹೊಮ್ಮಿಸುತ್ತದೆ. ಸರಕಿಗಂಟಿದ ಚೀಟಿಯೊಳಗಿನ ತೆಳು ಲೋಹದ ಪಟ್ಟಿ ಆ ಮಿಡಿತಕ್ಕೆ ಕಂಪಿಸುತ್ತದೆ. ಮಿಡಿತ ನಿಂತ ಮೇಲೂ, ಬಡಿದ ಗಂಟೆಯಂತೆ, ಒಂದು ಗಳಿಗೆ ಕಂಪಿಸುತ್ತಲೇ ಇರುತ್ತದೆ. ಆ ಉಳಿಕೆ ಕಂಪನವನ್ನು ಕಂಬ ಗುರುತಿಸಿದರೆ ಅಲಾರಾಂ ಕೂಗುತ್ತದೆ. ಹಣ ಕೊಟ್ಟವರ ಚೀಟಿಯನ್ನು ಕೌಂಟರ್‌ನಲ್ಲೇ ನಿಷ್ಕ್ರಿಯಗೊಳಿಸುತ್ತಾರೆ: ಪಟ್ಟಿಯ ಜತೆಗಿರುವ ಪುಟ್ಟ ಕಾಂತದ ಬಲ ಕುಂದಿಸಿದರೆ ಅದು ಆ ಆವರ್ತನಕ್ಕೆ ಸ್ಪಂದಿಸುವುದಿಲ್ಲ. ಇದನ್ನು ದಾಟಲು ಕಳ್ಳರು ಒಳಗೆ ಲೋಹದ ಹಾಳೆ ಹಚ್ಚಿದ ಚೀಲಗಳನ್ನು ತಂದರು; ಆ ಚೀಲ ಪತ್ತೆಹಚ್ಚುವ ಸಾಧನಗಳನ್ನು ಅಂಗಡಿಗಳು ಕೊಂಡವು. ಇದು ಮುಗಿಯದ ಪೈಪೋಟಿ.

ಹೆಚ್ಚು ಜಾಣತನದ್ದೆಂದರೆ ಕದ್ದ ಮಾಲನ್ನೇ ನಿರುಪಯುಕ್ತಗೊಳಿಸುವ ದಾರಿ. ಲೋವ್ಸ್ ಎಂಬ ಅಮೆರಿಕದ ಮಳಿಗೆ ಸರಣಿಯ ಒಂದು ಪ್ರಯೋಗದಲ್ಲಿ ಡ್ರಿಲ್ಲಿಂಗ್ ಯಂತ್ರದಂಥ ಉಪಕರಣಗಳಿಗೆ ರೇಡಿಯೊ ಅಲೆಗಳ ಮೂಲಕ ಗುರುತಿಸಬಹುದಾದ ಪುಟ್ಟ ಆರ್‌ಎಫ್‌ಐಡಿ ಚಿಪ್ ಅಳವಡಿಸಲಾಯಿತು. ಬಿಲ್ ಆದಾಗ ಮಾತ್ರ ಯಂತ್ರ ಚಾಲೂ ಆಗುತ್ತದೆ. ಕದ್ದೊಯ್ದರೆ ಅದು ಬರೀ ತೂಕ. ಬಿಕರಿಯ ಗುಣವೇ ಹೋದ ಮೇಲೆ ಕ್ಲಾರ್ಕ್ ಪಟ್ಟಿಯ ಉಳಿದ ಐದಕ್ಕೆ ಬೆಲೆಯಿಲ್ಲ. ಆದರೆ ಲಿಪ್‌ಸ್ಟಿಕ್ಕಿಗೂ ಹಾಲಿನ ಪುಡಿಗೂ ಇಂಥ ಬೀಗ ಹಾಕಲಾಗದು.

ಅಲ್ಲಿಗೆ ಪೊಲೀಸರು ಬರಬೇಕು, ಅವರ ತೊಡಕು ಇನ್ನೊಂದು. ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎಂದು ಗಾದೆ ಹೇಳಿದರೂ ಕಾನೂನು ಹಾಗೆ ನೋಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2014ರ ಜನಮತದ ನಂತರ 950 ಡಾಲರ್‌ವರೆಗಿನ ಅಂಗಡಿ ಕಳವು ಸಾಮಾನ್ಯವಾಗಿ ಸಣ್ಣ ಅಪರಾಧ. ಇಂಗ್ಲೆಂಡಿನಲ್ಲಿ 2014ರ ಕಾನೂನು 200 ಪೌಂಡ್‌ವರೆಗಿನದನ್ನು ಕೆಳ ನ್ಯಾಯಾಲಯದ ವಿಚಾರಣೆಗೆ ಬಿಟ್ಟಿತು. ಮಿತಿಯೊಳಗೇ ಕದ್ದು ಮುಂದಿನ ಊರಿಗೆ ಹೋದರೆ ಪ್ರತಿ ಠಾಣೆಗೂ ಅದು ಚಿಲ್ಲರೆ ದೂರು. ಐವತ್ತು ಚಿಲ್ಲರೆ ದೂರುಗಳನ್ನು ಒಂದೇ ಕಡತಕ್ಕೆ ತಂದಾಗಲೇ ಜಾಲದ ಗಾತ್ರ ಗೊತ್ತಾಗುವುದು. ಆ ಐವತ್ತೂ ಒಟ್ಟಿಗೆ ಸಿಗುವುದು ಅಂಗಡಿ ಸರಣಿಯ ಲೆಕ್ಕಪುಸ್ತಕದಲ್ಲಿ, ಠಾಣೆಯಲ್ಲಲ್ಲ. ಪೊಲೀಸರಿಗೂ ವ್ಯಾಪಾರಿಗಳಿಗೂ ಸಹಕಾರ ಬೇಕಾದದ್ದು ಮುಖ್ಯವಾಗಿ ಇದಕ್ಕೆ.

ಕ್ಯಾಲಿಫೋರ್ನಿಯಾ 2018ರ ಕಾನೂನಿನ ಮೂಲಕ ತನ್ನ ಹೆದ್ದಾರಿ ಗಸ್ತು ಪಡೆಯಲ್ಲಿ ಇದಕ್ಕೆಂದೇ ಒಂದು ಕಾರ್ಯಪಡೆ ಕಟ್ಟಿತು. 2024ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ 36ನೇ ಪ್ರಸ್ತಾವ ಬೇರೆ ಬೇರೆ ಕಳವುಗಳ ಮೊತ್ತವನ್ನು ಕೂಡಿಸಿ ದೊಡ್ಡ ಅಪರಾಧವಾಗಿ ಪರಿಗಣಿಸಲು ದಾರಿ ಮಾಡಿತು. ಬ್ರಿಟನ್ನಿನಲ್ಲಿ 2023ರ ಅಕ್ಟೋಬರ್‌ನಲ್ಲಿ ಪೊಲೀಸರೂ ವ್ಯಾಪಾರಿಗಳೂ ಕೂಡಿ ನಡೆಸುವ ಪ್ರಾಜೆಕ್ಟ್ ಪೆಗಾಸಸ್ ಎಂಬ ಯೋಜನೆ ಪ್ರಕಟವಾಯಿತು. ಟೆಸ್ಕೊ, ಬೂಟ್ಸ್, ಕೋ-ಆಪ್ ಮೊದಲಾದ ಸರಣಿಗಳು ಹಣವನ್ನೂ ಮಾಹಿತಿಯನ್ನೂ ಕೊಡುತ್ತವೆ. ಓಪಲ್ ಎಂಬ ಪೊಲೀಸ್ ಗುಪ್ತಚರ ಘಟಕ ಅದರಿಂದ ಅಂತರ್‌ಜಿಲ್ಲಾ ತಂಡಗಳ ನಕ್ಷೆ ಬಿಡಿಸುತ್ತದೆ.

ಮಾರುವ ಕೊನೆಯನ್ನು ಹಿಡಿಯುವ ಕಾನೂನು ಅಮೆರಿಕದಲ್ಲಿ 2023ರ ಜೂನ್ 27ರಂದು ಜಾರಿಗೆ ಬಂತು. ಇನ್‌ಫಾರ್ಮ್ ಕಾಯ್ದೆಯ ಪ್ರಕಾರ ಹನ್ನೆರಡು ತಿಂಗಳಲ್ಲಿ 200 ಅಥವಾ ಹೆಚ್ಚು ಹೊಸ ವಸ್ತುಗಳನ್ನು ಮಾರಿ, ಕನಿಷ್ಠ 5,000 ಡಾಲರ್ ಗಳಿಸಿದವರ ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ಸಂಪರ್ಕ ವಿವರಗಳನ್ನು ಆನ್‌ಲೈನ್ ಮಾರುಕಟ್ಟೆಗಳು ಪಡೆದು ಪರಿಶೀಲಿಸಬೇಕು. ಹೆಸರಿಲ್ಲದೆ ಮಾರುವ ಸೌಕರ್ಯ ಇದರಿಂದ ಕಡಿಮೆಯಾಯಿತು.

ಸಹಕಾರಕ್ಕೆ ನಂಬಲರ್ಹ ಲೆಕ್ಕ ಬೇಕು. ಈ ವಿಷಯದಲ್ಲಿ ವ್ಯಾಪಾರಿಗಳ ಚರಿತ್ರೆ ಅಷ್ಟು ಚೆನ್ನಾಗಿಲ್ಲ. 2021ರ 9,450 ಕೋಟಿ ಡಾಲರ್ ದಾಸ್ತಾನು ನಷ್ಟದಲ್ಲಿ ಹತ್ತಿರಹತ್ತಿರ ಅರ್ಧ ಸಂಘಟಿತ ಕಳವಿನಿಂದಲೇ ಆದದ್ದು ಎಂದು ಅಮೆರಿಕದ ನ್ಯಾಷನಲ್ ರಿಟೇಲ್ ಫೆಡರೇಷನ್ 2023ರ ಏಪ್ರಿಲ್‌ನಲ್ಲಿ ಹೇಳಿತು; ಅದೇ ಡಿಸೆಂಬರ್‌ನಲ್ಲಿ ಮಾತು ಹಿಂತೆಗೆದುಕೊಂಡಿತು. ದಾಸ್ತಾನು ನಷ್ಟದಲ್ಲಿ ನೌಕರರ ಕೈಚಳಕ, ಲೆಕ್ಕದ ತಪ್ಪು ಎಲ್ಲವೂ ಸೇರಿರುತ್ತವೆ. ತಂತ್ರಜ್ಞಾನದ ಮೇಲೂ ಅತಿ ನಂಬಿಕೆ ಸಲ್ಲದು. ರೈಟ್ ಏಡ್ ಔಷಧಿ ಮಳಿಗೆಗಳ ಮುಖಗುರುತು ವ್ಯವಸ್ಥೆ ನಿರಪರಾಧಿಗಳನ್ನೂ ಕಳ್ಳರೆಂದು ತೋರಿಸಿದ್ದರಿಂದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಐದು ವರ್ಷ ಅದರ ಬಳಕೆಯನ್ನೇ ನಿಷೇಧಿಸಿತು.

ಕರ್ನಾಟಕದ ರೇಷ್ಮೆ ಸೀರೆ ಅಂಗಡಿಗಳಿಗೂ ಇಂಥ ತಂಡಗಳು ಹೊಸದಲ್ಲ. ನಾಲ್ಕೈದು ಮಂದಿ ಮದುವೆ ಜವಳಿಗೆ ಬಂದವರಂತೆ ಬರುತ್ತಾರೆ. ಒಬ್ಬರು ಬಣ್ಣ ಕೇಳುತ್ತಾರೆ, ಇನ್ನೊಬ್ಬರು ಅಂಚು, ಮತ್ತೊಬ್ಬರು ಸೆರಗು ಬಿಚ್ಚಿಸುತ್ತಾರೆ. ಗಾದಿಯ ಮೇಲೆ ರಾಶಿ ಬೆಳೆದಂತೆ ಮಾರಾಟಗಾರನ ಲೆಕ್ಕ ತಪ್ಪುತ್ತದೆ. ರಾಶಿಯ ಕೆಳಗಿನದು ಉಟ್ಟ ಸೀರೆಯ ಒಳಚೀಲ ಸೇರುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲನ್ನು ಮೊದಲ ಬಾರಿ ಕದ್ದು ಹಿಂತಿರುಗಿಸಿದವರಿಗೆ ಸಮುದಾಯ ಸೇವೆಯೇ ಶಿಕ್ಷೆ. ಅದೇ ಸಂಹಿತೆಯ 112ನೇ ಕಲಮು ಬೇರೆ ಅಳತೆಗೋಲು ಹಿಡಿಯುತ್ತದೆ. ಅಲ್ಲಿ ಮುಖ್ಯವಾದದ್ದು ಮೊತ್ತವಲ್ಲ, ಗುಂಪು. ಸಣ್ಣ ಸಂಘಟಿತ ಅಪರಾಧದ ಪಟ್ಟಿಯಲ್ಲಿ ಅಂಗಡಿ ಕಳವಿನ ಹೆಸರು ಹೇಳಿಯೇ ಒಂದರಿಂದ ಏಳು ವರ್ಷದ ಸೆರೆ ಗೊತ್ತುಮಾಡಿದೆ. ಕದ್ದದ್ದೆಂದು ತಿಳಿದೂ ಕೊಳ್ಳುವವರಿಗೆ 317ನೇ ಕಲಮು ಇದೆ.

ಗುಂಪು ಎಂದು ಸಾಬೀತು ಮಾಡಲು ಹಲವು ಅಂಗಡಿಗಳ ದೃಶ್ಯಗಳನ್ನು ಜೋಡಿಸಬೇಕು. ಹೆಚ್ಚು ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ಕಡ್ಡಾಯಗೊಳಿಸಿದ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ದೃಶ್ಯಗಳನ್ನು 30 ದಿನ ಇಟ್ಟುಕೊಳ್ಳಲು ಹೇಳುತ್ತದೆ. ದಾಸ್ತಾನು ಎಣಿಕೆ ಮೂರು ತಿಂಗಳಿಗೊಮ್ಮೆ ನಡೆಯುವ ಅಂಗಡಿಯಲ್ಲಿ ಕಳವು ಗೊತ್ತಾಗುವ ಹೊತ್ತಿಗೆ ಆ ದೃಶ್ಯ ಅಳಿಸಿಹೋಗಿರಬಹುದು. ಬೆಲೆಬಾಳುವ ಸರಕನ್ನಾದರೂ ವಾರಕ್ಕೊಮ್ಮೆ ಎಣಿಸುವ ಅಂಗಡಿಯವರ ದೂರಿನ ಜತೆ ಮಾತ್ರ ದಿನಾಂಕ, ಸಮಯ, ಮುಖ ಮೂರೂ ಠಾಣೆಗೆ ತಲುಪುತ್ತವೆ.