ಗದ್ದೆಗೆ ಬಂದ ಆಮೆಯನ್ನು ಸಾಕಬಹುದೇ?

ಪ್ರಶ್ನೆ: ಸಿಂಧನೂರಿನ ನಮ್ಮ ಭತ್ತದ ಗದ್ದೆಗೆ ಕಾಲುವೆ ನೀರಿನ ಜೊತೆ ಆಮೆಯೊಂದು ಬಂದಿದೆ. ಮಕ್ಕಳು ಸಾಕೋಣ ಅಂತಾರೆ. ಸಾಕಬಹುದೇ?

ಉತ್ತರ: ದಯವಿಟ್ಟು ಬೇಡ. ಕಾಲುವೆ, ಕೆರೆ, ಗದ್ದೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೆತ್ತನೆ ಚಿಪ್ಪಿನ ಆಮೆ. ಕಪ್ಪೆ, ಮೀನು, ಬಸವನಹುಳು ತಿನ್ನುತ್ತದೆ. ನೀರು ಬತ್ತಿದರೆ ಕೆಸರಿನಲ್ಲಿ ಹುದುಗಿ ಮಳೆಗಾಗಿ ಕಾಯುತ್ತದೆ. ಆ ಬದುಕನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಕೊಡಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಇದೂ ಇದೆ, ನಕ್ಷತ್ರ ಆಮೆಯೂ ಇದೆ. ಹಿಡಿದರೆ, ಮಾರಿದರೆ 3ರಿಂದ 7 ವರ್ಷ ಜೈಲು. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವೂ 2019ರಲ್ಲಿ ನಿಷಿದ್ಧವಾಯಿತು. ‘ಅದೃಷ್ಟ ತರುತ್ತೆ’ ಎಂಬ ನಂಬಿಕೆಯೇ ಎಷ್ಟೋ ಆಮೆಗಳನ್ನು ಚೀಲಕ್ಕೆ ತುಂಬಿಸಿದೆ.

ಆರೋಗ್ಯವಾಗಿದ್ದರೆ ಅಲ್ಲೇ ಬಿಡಿ. ಮಕ್ಕಳು ಬದುವಿನ ಮೇಲೆ ಕೂತು ನೋಡಲಿ. ಗಾಯವಾಗಿದ್ದರೆ ಮಸ್ಕಿಯಾಗಲಿ, ಲಿಂಗಸುಗೂರಾಗಲಿ, ಹತ್ತಿರದ ಅರಣ್ಯ ಸಿಬ್ಬಂದಿಗೆ ತಿಳಿಸಿ.