ಜಿನ್ನಿಯಾ ಹೂವೂ ನಮ್ಮ ಕಣ್ಣೂ

ಅಂಗಳದಲ್ಲಿ ಕೆಂಪು, ಹಳದಿ, ಬಿಳಿ ಬಣ್ಣಗಳಲ್ಲಿ ಅರಳುವ ಜಿನ್ನಿಯಾ ಹೂವಿಗೆ ಔಷಧೀಯ ಗುಣವೇನಾದರೂ ಇದೆಯೇ ಎಂದು ಭಕ್ತರು ನನ್ನನ್ನು ಕೇಳುವುದುಂಟು. ಮೆಕ್ಸಿಕೋ ದೇಶದಿಂದ ಬಂದ ಈ ಗಿಡ ನಮ್ಮ ಸಂಹಿತೆಗಳಲ್ಲಿಲ್ಲ. ಇದರ ಕಷಾಯ, ಚೂರ್ಣಗಳ ಗೋಜಿಗೆ ಹೋಗದಿರುವುದೇ ಒಳಿತು. ಆದರೂ ಅರವತ್ತು ದಾಟಿದವರಿಗೆ ಇದನ್ನು ಬೀಜದಿಂದ ಬೆಳೆಸಿ, ತಳಿ ಬೆರೆಸುವ ಕಾಯಕವನ್ನು ನಾನು ಸೂಚಿಸುತ್ತೇನೆ.

ಬೆಳೆಸುವುದು ಸುಲಭ. ಬಿಸಿಲು ಚೆನ್ನಾಗಿ ಬೀಳುವೆಡೆ ಕಾಲು ಅಂಗುಲ ಆಳದಲ್ಲಿ, ಗೇಣಿಗೊಂದರಂತೆ ಬೀಜ ಊರಿದರೆ ವಾರದೊಳಗೆ ಮೊಳೆಯುತ್ತದೆ. ಎರಡು ತಿಂಗಳ ಆಸುಪಾಸಿನಲ್ಲಿ ಹೂ ಬಿಡುತ್ತದೆ. ನೀರನ್ನು ಬುಡಕ್ಕೇ ಹಾಕಬೇಕು.

ತಳಿ ಬೆರೆಸುವುದಕ್ಕೆ ಮಾತ್ರ ತಾಳ್ಮೆ ಬೇಕು. ನಾವು ಒಂದು ಹೂವೆನ್ನುವುದು ವಾಸ್ತವವಾಗಿ ಹಲವು ಕಿರುಹೂಗಳ ಸಮೂಹ. ಸುತ್ತಲಿನ ಪ್ರತಿಯೊಂದು ದಳವೂ ಒಂದು ಹೆಣ್ಣು ಹೂ. ಅದರ ಬುಡದಲ್ಲಿ ಎರಡಾಗಿ ಕವಲೊಡೆದ ಸಣ್ಣ ಎಳೆಯಿರುತ್ತದೆ. ಪರಾಗವಿರುವುದು ನಡುವಿನ ಹಳದಿ ನಕ್ಷತ್ರಗಳಲ್ಲಿ. ತಾಯಿಯಾಗಬೇಕಾದ ಮೊಗ್ಗಿಗೆ ತೆಳುಬಟ್ಟೆ ಕಟ್ಟಿ, ನಕ್ಷತ್ರಗಳು ಇಣುಕಿದಂತೆಲ್ಲ ಚಿಮಟದಿಂದ ಕೀಳಬೇಕು. ಬೆಳಗಿನಲ್ಲಿ ಬೇರೆ ಬಣ್ಣದ ಗಿಡದಿಂದ ಹೊಸದಾಗಿ ಅರಳಿದ ನಕ್ಷತ್ರವೊಂದನ್ನು ತಂದು ಆ ಕವಲುಗಳಿಗೆ ಸವರಿ, ಮತ್ತೆ ಬಟ್ಟೆ ಕಟ್ಟಬೇಕು. ಮೊದಲ ಸಲ ನಾನು ಬಟ್ಟೆ ಕಟ್ಟಲಿಲ್ಲ. ನನ್ನ ಕೆಲಸವನ್ನೆಲ್ಲ ಜೇನುನೊಣಗಳೇ ಮಾಡಿ ಮುಗಿಸಿದವು. ದಳಗಳು ಒಂದೇ ದಿನ ಬಿಡಿಸಿಕೊಳ್ಳುವುದಿಲ್ಲವಾದ್ದರಿಂದ ನಾಲ್ಕಾರು ದಿನ ಹೀಗೆ ಮಾಡಬೇಕು. ಹೂ ಪೂರ್ತಿ ಒಣಗಿ ಕಂದಾದ ಮೇಲೆ ದಳಕ್ಕೆ ಅಂಟಿಕೊಂಡ ಬೀಜಗಳನ್ನು ಬಿಡಿಸಿಕೊಳ್ಳಬಹುದು.

ಎರಡನೆಯ ವರ್ಷ ಆ ಕವಲು ನನಗೆ ಕಾಣಿಸಲೇ ಇಲ್ಲ. ಬೆಳಕು ಸಾಲದೆಂದುಕೊಂಡೆ, ಕನ್ನಡಕ ಒರೆಸಿದೆ. ಬಿಳಿಯ ಹೂವನ್ನು ಹಳದಿಯೆಂದು ಗುರುತು ಬರೆದಿದ್ದನ್ನು ಮೊಮ್ಮಗಳು ತಿದ್ದಿದಳು. ಪರೀಕ್ಷಿಸಿದಾಗ ಎರಡೂ ಕಣ್ಣುಗಳಲ್ಲಿ ಪೊರೆ ಬಲಿತಿತ್ತು. ಪೊರೆ ನೋವು ಕೊಡುವುದಿಲ್ಲ, ನಿಧಾನವಾಗಿ ಬಣ್ಣವನ್ನು ಮಾಸಿಸುತ್ತದೆ. ಪತ್ರಿಕೆಯ ದಪ್ಪಕ್ಷರ ಓದುವವರಿಗೆ ಇದು ತಿಳಿಯುವುದೇ ಇಲ್ಲ. ರೋಗಿಗಳಿಗೆ ವರ್ಷಕ್ಕೊಮ್ಮೆ ಕಣ್ಣು ತೋರಿಸಿರೆಂದು ಹೇಳುವ ವೈದ್ಯನೇ ತೋರಿಸಿಕೊಂಡಿರಲಿಲ್ಲ.

ಜೇನುತುಪ್ಪ, ಈರುಳ್ಳಿ ರಸ ಬಿಟ್ಟುಕೊಂಡು ಕಣ್ಣು ಕೆಂಪಾಗಿಸಿಕೊಂಡು ಬರುವವರನ್ನು ಇಂದಿಗೂ ಕಾಣುತ್ತೇನೆ. ಯಾವ ಹನಿಯಿಂದಲೂ ಪೊರೆ ಕರಗುವುದಿಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿಯೂ ಇದಕ್ಕೆ ಶಸ್ತ್ರಕರ್ಮವನ್ನು ಹೇಳಿದೆ. ಆಯುರ್ವೇದದ ಹೆಸರಿನಲ್ಲಿ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಆಯುರ್ವೇದವನ್ನು ಅರಿಯದವರ ಮಾತು.

ಜಿನ್ನಿಯಾ ಎಂಬ ಹೆಸರು ಜರ್ಮನಿಯ ಗೋಟಿಂಗೆನ್ ವಿಶ್ವವಿದ್ಯಾಲಯದ ಯೋಹಾನ್ ಗಾಟ್‌ಫ್ರೀಡ್ ಝಿನ್ ಅವರದು. ಸಸ್ಯಶಾಸ್ತ್ರಜ್ಞರಾದ ಅವರು 1755ರಲ್ಲಿ ಮಾನವ ನೇತ್ರದ ರಚನೆಯನ್ನು ಕುರಿತು ಗ್ರಂಥ ಬರೆದರು; 1759ರಲ್ಲಿ, 32 ತುಂಬುವ ಮೊದಲೇ ತೀರಿಕೊಂಡರು. ಕಣ್ಣಿನ ಮಸೂರವನ್ನು ಸುತ್ತಲಿಂದ ಹಿಡಿದಿಟ್ಟಿರುವ ಸೂಕ್ಷ್ಮ ತಂತುಗಳಿಗೂ ಅವರದೇ ಹೆಸರು. ಪೊರೆ ತೆಗೆದು ಕೃತಕ ಮಸೂರವನ್ನು ಕೂರಿಸುವ ಚೀಲವೂ ಆ ತಂತುಗಳನ್ನೇ ನೆಚ್ಚಿ ನಿಂತಿದೆ.

ಶಸ್ತ್ರಚಿಕಿತ್ಸೆಯ ಬಳಿಕ ನೇತ್ರವೈದ್ಯರು ಒಪ್ಪುವವರೆಗೆ ಮಣ್ಣಿನ ಕೆಲಸ ಸಲ್ಲದು. ನನ್ನ ಪರವಾಗಿ ಮೊಮ್ಮಗಳೇ ಚಿಮಟ ಹಿಡಿದಳು. ಕೆಂಪು–ಬಿಳಿ ಬೆರೆಸಿ ಪಡೆದ ಬೀಜಗಳಲ್ಲಿ ಹನ್ನೊಂದು ಮೊಳೆತವು. ನಾನು ಬಯಸಿದ ತಿಳಿಗುಲಾಬಿ ಒಂದರಲ್ಲಿಯೂ ಬರಲಿಲ್ಲ. ಒಂದು ಗಿಡದಲ್ಲಿ ಮಾತ್ರ ಒಣಗಿದ ದಾಳಿಂಬೆ ಸಿಪ್ಪೆಯ ಬಣ್ಣದ ಹೂ ಬಿಟ್ಟಿತು; ಅದನ್ನು ಮನೆಯವರು ಇಷ್ಟಲಿಂಗ ಪೂಜೆಗೆ ಏರಿಸಿದರು.