ಕಂದಕದ ಬದುಕು ಮತ್ತು ಭಾರತೀಯ ಯೋಧರ ಪತ್ರಗಳು

ಮೊದಲನೆಯ ಮಹಾಯುದ್ಧದ ಚರಿತ್ರೆಯಲ್ಲಿ ಸೇನಾಪತಿಗಳ ಆಜ್ಞೆಗಳೂ ಸೈನ್ಯಗಳ ಚಲನವಲನಗಳೂ ನಮಗೆ ಸುಲಭವಾಗಿ ದೊರೆಯುತ್ತವೆ. ಕಂದಕದಲ್ಲಿ ನಿಂತ ಸಾಮಾನ್ಯ ಸಿಪಾಯಿಯ ಅನುಭವ ಹಾಗೆ ದೊರೆಯದು. ಆತನು ನಿರಕ್ಷರನಾಗಿದ್ದರಂತೂ ತೊಡಕು ಇಮ್ಮಡಿಯಾಗುತ್ತದೆ. ೧೯೧೪-೧೫ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ ಹೋರಾಡಿದ ಭಾರತೀಯ ಪದಾತಿಗಳ ಪತ್ರಗಳನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುತ್ತೇವೆ.

ಲಾಹೋರ್ ಮತ್ತು ಮೀರತ್ ಡಿವಿಜನ್ನುಗಳು ೧೯೧೪ರ ಶರತ್ಕಾಲದಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದುವು. ಅಕ್ಟೋಬರ್ ಮುಗಿಯುವುದರೊಳಗೆ ಅವುಗಳ ಕೆಲವು ದಳಗಳು ಈಪ್ರ್ ನಗರದ ಬಳಿ ಕಾದಾಟಕ್ಕೆ ತೊಡಗಿದ್ದುವು. ಫ್ಲಾಂಡರ್ಸ್ ತಗ್ಗಿನ ನಾಡು. ಸ್ವಲ್ಪ ಅಗೆದರೂ ನೀರು ಜಿನುಗುತ್ತಿತ್ತು. ಆದುದರಿಂದ ಅನೇಕ ಕಡೆಗಳಲ್ಲಿ ಮಣ್ಣಿನ ಮೂಟೆಗಳನ್ನು ಪೇರಿಸಿ ನೆಲದ ಮೇಲೆಯೇ ಮರೆಗೋಡೆ ಕಟ್ಟಬೇಕಾಯಿತು. ಚಳಿಗಾಲದ ಕೆಸರು ನೀರಿನಲ್ಲಿ ದಿನಗಟ್ಟಲೆ ನಿಂತವರ ಪಾದಗಳು ಮರಗಟ್ಟಿ, ಊದಿ, ಕೆಲವೊಮ್ಮೆ ಕೊಳೆಯುತ್ತಿದ್ದುವು.

ದಿನಚರಿಯೂ ತಲೆಕೆಳಗಾಗಿತ್ತು. ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಎಲ್ಲರೂ ಸನ್ನದ್ಧರಾಗಿ ನಿಲ್ಲಬೇಕು. ಇರುಳೆಲ್ಲ ಕಾವಲು, ದುರಸ್ತಿ, ಹೊರೆ ಹೊರುವಿಕೆ. ಹಗಲು ತಲೆಯೆತ್ತದೆ ಕುಳಿತಿರುವುದು. ೧೯೧೫ರ ಮಾರ್ಚ್ ೧೦ರಿಂದ ೧೩ರವರೆಗೆ ನಡೆದ ನವ್ ಶಾಪೆಲ್ ಕದನದಂತಹ ಮಹಾಸಂಗ್ರಾಮಗಳು ವಿರಳ. ಕಾಯುವುದೇ ನಿತ್ಯದ ಅನುಭವ. ಎದುರಾಳಿಯ ಮುಖವನ್ನು ಕಾಣದೆಯೇ ದೂರದ ಫಿರಂಗಿಗೆ ಬಲಿಯಾಗಬೇಕಾದಾಗ ವೈಯಕ್ತಿಕ ಶೌರ್ಯಕ್ಕೆ ಎಡೆ ಕಿರಿದಾಯಿತು. ಕೆಲವರು ತಮ್ಮ ಪತ್ರಗಳಲ್ಲಿ ಈ ಯುದ್ಧವನ್ನು ಮಹಾಭಾರತಕ್ಕೂ ಲೋಕದ ಅಂತ್ಯಕ್ಕೂ ಹೋಲಿಸಿದುದು ಬರಿಯ ಅಲಂಕಾರವಲ್ಲ. ತಾವು ಅರಿತಿದ್ದ ಯುದ್ಧದ ಅಳತೆಗೆ ಇದು ಸಿಲುಕಲಿಲ್ಲವೆಂಬುದೇ ಅದರ ಇಂಗಿತ.

ಆದರೆ ಈ ಪತ್ರಗಳನ್ನು ಓದುವಾಗ ಎಚ್ಚರವಿರಬೇಕು. ಅನೇಕರು ತಾವಾಗಿ ಬರೆಯಲಾರದೆ ಇತರರಿಂದ ಬರೆಸಿದರು. ತಮ್ಮ ಕಾಗದವನ್ನು ಸೆನ್ಸಾರ್ ಅಧಿಕಾರಿಗಳು ಒಡೆದು ನೋಡುವರೆಂದೂ ಅವರು ಬಲ್ಲರು. ಅಧಿಕಾರಿಗಳು ಆಯ್ದು ಇಂಗ್ಲಿಷಿಗೆ ಭಾಷಾಂತರಿಸಿದ ಭಾಗಗಳೇ ಬಹುಮಟ್ಟಿಗೆ ನಮಗೆ ಉಳಿದಿವೆ. ಹೀಗೆ ಲಿಪಿಕಾರ, ಪರಿಶೋಧಕ, ಭಾಷಾಂತರಕಾರ ಎಂಬ ಮೂರು ತೆರೆಗಳ ಹಿಂದಿನಿಂದ ಸಿಪಾಯಿಯ ದನಿ ಕೇಳಿಸುತ್ತದೆ.

ಹಾಗೆಂದು ಇವನ್ನು ತಳ್ಳಿಹಾಕಲಾಗದು. ಭಾರತೀಯರನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪು ಮೆಣಸೆಂದೂ ಕರೆದು, ಕರಿಮೆಣಸು ತೀರುತ್ತ ಬಂದಿದೆ ಎಂದು ಮನೆಗೆ ಸುದ್ದಿ ಮುಟ್ಟಿಸಿದವರುಂಟು. ಗಾಯ ಮಾಯ್ದೊಡನೆ ಮತ್ತೆ ಕಂದಕಕ್ಕೆ ಕಳುಹಿಸುವರೆಂಬ ಕೊರಗು ಹಲವು ಪತ್ರಗಳಲ್ಲಿದೆ. ತಮ್ಮಂದಿರು ಸೈನ್ಯಕ್ಕೆ ಸೇರದಿರಲೆಂದು ಮರೆಮಾತಿನಲ್ಲಿ ಎಚ್ಚರಿಸಿದವರೂ ಇದ್ದಾರೆ. ಭಯವನ್ನು ನೇರವಾಗಿ ನುಡಿಯಲಾರದವನು ಅದನ್ನು ಎಲ್ಲಿ ಬಚ್ಚಿಟ್ಟನೆಂಬುದೂ ಚರಿತ್ರಕಾರನಿಗೆ ಸಾಕ್ಷ್ಯವೇ ಆಗಿದೆ.

೧೯೧೫ರ ಕೊನೆಗೆ ಭಾರತೀಯ ಪದಾತಿದಳದ ಬಹುಭಾಗ ಫ್ರಾನ್ಸನ್ನು ಬಿಟ್ಟಿತು. ನವ್ ಶಾಪೆಲ್‌ನಲ್ಲಿ ೧೯೨೭ರಲ್ಲಿ ಅನಾವರಣಗೊಂಡ ಸ್ಮಾರಕದಲ್ಲಿ, ಸಮಾಧಿಯೂ ತಿಳಿಯದೆ ಹೋದ ೪,೭೦೦ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಆ ಕಲ್ಲು ಅವರು ಮಡಿದುದನ್ನು ಮಾತ್ರ ಹೇಳುತ್ತದೆ. ಹೇಗೆ ಬದುಕಿದ್ದರೆಂಬುದನ್ನು ತಿಳಿಯಲು ಈ ಅರೆಬರೆ ಪತ್ರಗಳನ್ನೇ ನಾವು ತಾಳ್ಮೆಯಿಂದ ಓದಬೇಕಾಗಿದೆ.